ಅಳಿದ ಮೀನೂ ಉಳಿದ ಮೀನೂ ಒಂದೇ ಕುಲವೇ?

ಪರ್ಚ್ ಮೀನುಗಳ ಬಳಗಕ್ಕೆ ಬಹುಕಾಲ ಸೇರಿಸುತ್ತಿದ್ದ ಮೆನೆ ಕುಲದಲ್ಲಿ ಈಗ ಬದುಕಿರುವುದು ಒಂದೇ ಪ್ರಭೇದ, ಮೆನೆ ಮ್ಯಾಕ್ಯುಲೇಟಾ. ತೀರ ಚಪ್ಪಟೆ ಮೈ, ಕತ್ತಿಯ ಅಲಗಿನಂತೆ ಕೆಳಕ್ಕೆ ಬಾಗಿದ ಹೊಟ್ಟೆ, ಬೆನ್ನಿನ ಮೇಲೆ ಕಡುನೀಲಿ ಚುಕ್ಕೆಗಳು. ಹಿಂದೂ ಮಹಾಸಾಗರದಲ್ಲೂ ಪಶ್ಚಿಮ ಪೆಸಿಫಿಕ್ಕಿನಲ್ಲೂ ಇದರ ವಾಸ. ಕುಲದ ಉಳಿದ ಪ್ರಭೇದಗಳೆಲ್ಲ ಪಳೆಯುಳಿಕೆಗಳು. ಒಂದು ಪೆರುವಿನಲ್ಲಿ ಸಿಕ್ಕಿದೆ. ಎಲ್ಲಕ್ಕಿಂತ ಪ್ರಸಿದ್ಧವಾದ ಮೆನೆ ರೋಂಬಿಯಾ ಇಟಲಿಯ ವೆರೋನಾ ಬಳಿಯ ಬೋಲ್ಕಾ ಬೆಟ್ಟದ ಸುಣ್ಣಕಲ್ಲಿನದು, ಸುಮಾರು 5 ಕೋಟಿ ವರ್ಷ ಹಳೆಯದು. ವಿಚಿತ್ರವೆಂದರೆ ವೈಜ್ಞಾನಿಕ ಹೆಸರು ಮೊದಲು ಸಿಕ್ಕಿದ್ದು ಅಳಿದುದಕ್ಕೆ, 1796ರಲ್ಲಿ, ಬದುಕಿರುವುದಕ್ಕೆ 1801ರಲ್ಲಿ.

ಒಂದನ್ನೊಂದು ಎಂದೂ ಕಾಣದ ಈ ಮೀನುಗಳನ್ನು ಒಂದು ಕುಲವಾಗಿಸುವುದು ಯಾವುದು? ನ್ಯಾಯ-ವೈಶೇಷಿಕರ ಉತ್ತರ: ಸಾಮಾನ್ಯ. ಅದು ನಿತ್ಯ, ಒಂದೇ, ಅನೇಕ ವ್ಯಕ್ತಿಗಳಲ್ಲಿ ಸಮವೇತ, ಅಂದರೆ ಬಿಡಿಸಲಾಗದಂತೆ ನೆಲೆಸಿದ್ದು. ಹಾಗಾದರೆ ‘ಮೆನೆತ್ವ’ ಮೊದಲ ಮೆನೆಗಿಂತ ಹಿಂದೆಯೂ ಇತ್ತು. ಜಾತಿಯನ್ನು, ಅಂದರೆ ಈ ಸಾಮಾನ್ಯವನ್ನು, ಗುರುತಿಸಿಕೊಡುವುದು ಆಕೃತಿ ಎನ್ನುತ್ತದೆ ನ್ಯಾಯಸೂತ್ರ. ಕಲ್ಲಿನ ಮೇಲಿನ ಅಚ್ಚನ್ನು ನೋಡಿದವರಿಗೆ ಇದು ಸರಿಯೆನಿಸದೆ ಇರದು. ಆದರೆ ಆಕೃತಿ ಮೋಸವನ್ನೂ ಮಾಡುತ್ತದೆ: ಮೀನಿನ ಆಕಾರವಿದ್ದರೂ ತಿಮಿಂಗಿಲ ಸಸ್ತನಿ.

ಬೌದ್ಧ ತಾರ್ಕಿಕ ದಿಙ್ನಾಗ ಸಾಮಾನ್ಯವನ್ನೇ ಒಪ್ಪುವುದಿಲ್ಲ. ಅವನ ಅಪೋಹವಾದದಂತೆ ‘ಮೆನೆ’ ಎಂದರೆ ಮೆನೆಯಲ್ಲದ್ದನ್ನು ಹೊರಗಿಡುವುದು, ಅಷ್ಟೇ. ಗುಂಪು ಬುದ್ಧಿಯ ಕಲ್ಪನೆ. ವರ್ಗೀಕರಣದ ಇತಿಹಾಸ ಅವನ ಕಡೆಗೇ ವಾಲುತ್ತದೆ. ಡಿಎನ್‌ಎ ಅಧ್ಯಯನಗಳ ನಂತರ ಮೆನೆಯನ್ನು ಪರ್ಚ್ ಬಳಗದಿಂದ ತೆಗೆದು ಪಾರೆ ಮೀನುಗಳ ಹತ್ತಿರಕ್ಕೆ ತರಲಾಗಿದೆ. ಆದರೂ ಬದಲಾದದ್ದು ಹೆಸರಿನ ಪಟ್ಟಿ ಮಾತ್ರ, ಮೀನುಗಳ ನಂಟಲ್ಲ. ಆ ನಂಟಿಗೆ ಅಪೋಹದಲ್ಲಿ ವಿವರಣೆ ಸಿಗುವುದಿಲ್ಲ.

1859ರಲ್ಲಿ ಡಾರ್ವಿನ್ ಕೊಟ್ಟ ವಿವರಣೆ ವಂಶಾವಳಿಯದು. ಇದಕ್ಕೆ ಹೆಚ್ಚು ಹತ್ತಿರವಿರುವುದು ಬೌದ್ಧರದೇ ಇನ್ನೊಂದು ಪರಿಕಲ್ಪನೆ, ಸಂತಾನ: ಸ್ಥಿರ ಸಾರವಿಲ್ಲ, ಕಾರ್ಯಕಾರಣಗಳ ಹರಿವಿದೆ. ಹೋಲಿಕೆ ಪೂರ್ತಿ ಕೂಡುವುದಿಲ್ಲ. ಸಂತಾನ ಒಂದೇ ಎಳೆ, ವಂಶ ಕವಲೊಡೆಯುತ್ತದೆ. ಬೋಲ್ಕಾದ ಮೀನು ಇಂದಿನ ಮೀನಿನ ಅಜ್ಜನೇ ಆಗಿರಬೇಕಿಲ್ಲ, ದಾಯಾದಿಯಾದರೂ ಸಾಕು.

ಪ್ರಭೇದವೆಂಬುದು ವರ್ಗವಲ್ಲ, ಹುಟ್ಟುಸಾವಿರುವ ಒಂದು ವ್ಯಕ್ತಿ ಎಂದು ಜೀವವಿಜ್ಞಾನಿ ಮೈಕೆಲ್ ಗಿಸೆಲಿನ್ 1974ರಲ್ಲಿ ವಾದಿಸಿದರು. ಕುಲಕ್ಕೂ ಇದನ್ನು ಅನ್ವಯಿಸಿದರೆ ಭೇದ ಸ್ಪಷ್ಟವಾಗುತ್ತದೆ. ಮೆನೆ ಮ್ಯಾಕ್ಯುಲೇಟಾ ಅಳಿದುಹೋದರೂ ನೈಯಾಯಿಕರ ಪ್ರಕಾರ ಮೆನೆತ್ವ ಇದ್ದೇ ಇರುತ್ತದೆ. ಗಿಸೆಲಿನ್ ವಾದದಂತೆ ಕುಲವೇ ಮುಗಿಯುತ್ತದೆ. ಬೇರೊಂದು ವಂಶದಲ್ಲಿ ಮುಂದೆಂದೋ ಅದೇ ಆಕಾರದ ಮೀನು ವಿಕಾಸಗೊಂಡರೂ ಅದು ಮೆನೆಯಾಗದು.