ನಿಕ್ಷೇಪಧರ್ಮವೂ ಯಂತ್ರದ ಸದ್ದೂ

ಮನುಸ್ಮೃತಿಯು ಹದಿನೆಂಟು ವ್ಯವಹಾರಪದಗಳನ್ನು ಎಣಿಸುವಾಗ ಋಣಾದಾನದ ಬೆನ್ನಿಗೇ ನಿಕ್ಷೇಪವನ್ನು ಹೇಳಿರುವುದು. ಒಬ್ಬನು ತನ್ನ ಒಡವೆಯನ್ನು ನಂಬಿಕೆಯಿಂದ ಮತ್ತೊಬ್ಬನ ವಶದಲ್ಲಿ ಇಟ್ಟರೆ ಅದು ನಿಕ್ಷೇಪ; ಇಟ್ಟುಕೊಂಡವನು ಅದನ್ನು ಕೇಳಿದಾಗ ಇದ್ದಂತೆಯೇ ಒಪ್ಪಿಸತಕ್ಕದ್ದು. ಆದರೆ ಆ ವಸ್ತುವನ್ನು ಕಳ್ಳರು ಒಯ್ದರೆ, ನೀರು ಸೆಳೆದರೆ, ಬೆಂಕಿ ಸುಟ್ಟರೆ, ಅದರಲ್ಲಿ ತಾನೇನನ್ನೂ ಅಪಹರಿಸದವನು ಮರಳಿ ತೆರಬೇಕಾಗಿಲ್ಲವೆಂದು ಸ್ಮೃತಿಯೇ ವಿನಾಯಿತಿಯನ್ನು ಕೊಟ್ಟಿದೆ. ಯಾಜ್ಞವಲ್ಕ್ಯನು ಈ ವಿನಾಯಿತಿಯಲ್ಲಿ ದೈವವನ್ನೂ ಸೇರಿಸಿರುವನು. ಈ ಕಾಲದಲ್ಲಿ ಅನೇಕ ಮನೆಗಳ ನಿಕ್ಷೇಪವು ಹಾರ್ಡ್ ಡಿಸ್ಕ್ ಎಂಬ ಅಂಗೈಯಗಲದ ಪೆಟ್ಟಿಗೆಯಲ್ಲಿ ಇರುವುದು. ಅದು ಕೆಟ್ಟು ಒಳಗಿದ್ದುದೆಲ್ಲ ನಷ್ಟವಾದಾಗ, ಆ ನಷ್ಟವು ದೈವಕೃತವೋ ಮನುಷ್ಯಕೃತವೋ ಎಂಬುದೇ ಇಲ್ಲಿ ವಿಚಾರಿಸತಕ್ಕ ವಿಷಯವು.

ಸೇಡಂ ತಾಲ್ಲೂಕಿನ ಆಡಕಿಯಂತಹ ಊರಿನಲ್ಲಿ ಒಂದು ಮನೆಯನ್ನು ಭಾವಿಸಿಕೊಳ್ಳಬಹುದು. ಹಿರಿಯ ಮಗನು ಹೈದರಾಬಾದಿನಲ್ಲಿ ಉದ್ಯೋಗದಲ್ಲಿರುವನು. ಹಬ್ಬಕ್ಕೆ ಬಂದಾಗ ಅಜ್ಜಿಯು ಬೀಸುವ ಕಲ್ಲಿನ ಮುಂದೆ ಕುಳಿತು ಹಾಡಿದ ಹಾಡುಗಳನ್ನು ಮೊಬೈಲಿನಲ್ಲಿ ಹಿಡಿದು, ತಂಗಿಯ ಮದುವೆಯ ಚಿತ್ರಗಳನ್ನೂ ಹೊಲದ ಹಳೆಯ ಉರ್ದು ಕಾಗದಗಳ ಪ್ರತಿಗಳನ್ನೂ ಕೂಡಿಸಿ, ಎಲ್ಲವನ್ನೂ ಆ ಪೆಟ್ಟಿಗೆಗೆ ತುಂಬುವನು. ಮೊಬೈಲಿನಲ್ಲಿ ಜಾಗ ಸಾಲದೆಂದು ಅಲ್ಲಿದ್ದುದನ್ನು ಅಳಿಸಿಬಿಡುವನು. ಕೆಲವು ವರ್ಷಗಳಲ್ಲಿ ಅಜ್ಜಿ ತೀರಿಕೊಳ್ಳುವಳು. ವರ್ಷಾಂತಿಕದ ದಿನ ಅವಳ ಧ್ವನಿಯನ್ನು ಕೇಳಬೇಕೆಂದು ಪೆಟ್ಟಿಗೆಯನ್ನು ಕಂಪ್ಯೂಟರಿಗೆ ಜೋಡಿಸಲು, ಒಳಗಿನಿಂದ ಟಕ್ ಟಕ್ ಎಂಬ ಸದ್ದು ಬರುವುದೇ ಹೊರತು ಹಾಡು ಬರುವುದಿಲ್ಲ. ಒಬ್ಬರು ಕಿತ್ತು ಮತ್ತೆ ಹಚ್ಚೆನ್ನುವರು. ಒಬ್ಬರು ಮೆಲ್ಲಗೆ ತಟ್ಟಿ ನೋಡೆನ್ನುವರು. ಮತ್ತೊಬ್ಬರು, ಅವಳ ಸಂಗಡವೇ ಅದೂ ಹೋಗಬೇಕೆಂದು ಹಣೆಯಲ್ಲಿ ಬರೆದಿತ್ತೆನ್ನುವರು.

ಈ ಮೂರು ಮಾತುಗಳ ಯುಕ್ತಾಯುಕ್ತತೆಯನ್ನು ತಿಳಿಯಬೇಕಾದರೆ ಯಂತ್ರದ ಸ್ವಭಾವವನ್ನು ಸ್ವಲ್ಪ ತಿಳಿಯಬೇಕು. ೧೯೫೬ರಲ್ಲಿ ಐಬಿಎಂ ಸಂಸ್ಥೆಯವರು ಇಂತಹ ಮೊದಲನೆಯ ಯಂತ್ರವನ್ನು ಹೊರತಂದಾಗ ಅದರಲ್ಲಿ ೨೪ ಅಂಗುಲ ಅಗಲದ ೫೦ ತಟ್ಟೆಗಳಿದ್ದುವು. ಅಷ್ಟೂ ಸೇರಿ ಹಿಡಿಯುತ್ತಿದ್ದುದು ೫೦ ಲಕ್ಷ ಅಕ್ಷರಗಳು ಮಾತ್ರ. ಇಂದಿನ ಸಣ್ಣ ಪೆಟ್ಟಿಗೆಯಲ್ಲಿಯೂ ತತ್ತ್ವ ಅದೇ. ಕಾಂತಲೇಪನವುಳ್ಳ ತಟ್ಟೆಯು ಸಾಮಾನ್ಯವಾಗಿ ಮಿನಿಟಿಗೆ ೫೪೦೦ ಸುತ್ತು ತಿರುಗುವುದು. ಓದುವ ಬರೆಯುವ ಮುಳ್ಳು ಅದರ ಮೇಲೆ ಕೂದಲಿನ ದಪ್ಪದ ಸಾವಿರಾರು ಪಾಲಿನಲ್ಲಿ ಒಂದು ಪಾಲಿನಷ್ಟು ಎತ್ತರದಲ್ಲಿ, ತಟ್ಟೆಯನ್ನು ಮುಟ್ಟದೆ ತೇಲುವುದು. ಮುಟ್ಟಿತೆಂದರೆ ಲೇಪನವು ಕೆರೆದುಹೋಗುವುದು. ಕೆರೆದುಹೋದ ಲೇಪನದಲ್ಲಿದ್ದ ಅಕ್ಷರವನ್ನು ಯಾವ ಪಂಡಿತನೂ ಓದಲಾರನು.

ಸದ್ದುಗಳಲ್ಲಿ ಭೇದವುಂಟು. ಮೆಲುವಾದ ಗುಂಯ್ ಎಂಬ ನಾದವೂ ನಡುನಡುವೆ ಕೇಳುವ ಸಣ್ಣ ಚಿಟಿಕೆಯೂ ಆರೋಗ್ಯದ ಲಕ್ಷಣಗಳು. ತಾಳ ಹಾಕಿದಂತೆ ಒಂದೇ ಸಮನೆ ಟಕ್ ಟಕ್ ಎಂದರೆ, ಮುಳ್ಳು ತನ್ನ ದಾರಿಯ ಗುರುತನ್ನು ಕಾಣದೆ ಹಿಂದಿರುಗಿ ಮತ್ತೆ ಹುಡುಕುತ್ತಿರುವುದೆಂದು ತಿಳಿಯತಕ್ಕದ್ದು. ತಟ್ಟೆ ತಿರುಗದೆ ಕೀಂಯ್ ಎಂದು ನರಳಿದರೆ ಮುಳ್ಳು ತಟ್ಟೆಗೆ ಅಂಟಿಕೊಂಡಿರಬಹುದು. ಇಲ್ಲವೆ ವಿದ್ಯುತ್ತು ಸಾಲದೆ ಇರಬಹುದು. ಟಕ್ ಟಕ್ ಎಂಬುದಕ್ಕೂ ಒಮ್ಮೊಮ್ಮೆ ವಿದ್ಯುತ್ತಿನ ಕೊರತೆಯೇ ಕಾರಣವಾಗುವುದುಂಟು. ಹಳೆಯ ಯುಎಸ್‌ಬಿ ಕಿಂಡಿಯು ೫೦೦ ಮಿಲಿ ಆಂಪಿಯರನ್ನೂ ಅನಂತರದ ಮೂರನೆಯ ತಲೆಮಾರಿನ ಕಿಂಡಿಯು ೯೦೦ನ್ನೂ ಕೊಡತಕ್ಕವು. ತಿರುಗಲು ತೊಡಗುವ ಕ್ಷಣದಲ್ಲಿ ಯಂತ್ರವು ಹೆಚ್ಚು ಬೇಡುವುದು. ಆದುದರಿಂದ ಕೇಬಲ್ಲನ್ನು ಬದಲಿಸಿ, ನಡುವೆ ಕವಲಿನ ಸಾಧನವಿಲ್ಲದೆ ನೇರವಾಗಿ ಕಂಪ್ಯೂಟರಿಗೆ ಒಂದು ಸಲ ಜೋಡಿಸಿ ನೋಡುವುದು ಯುಕ್ತವಾದ ಪರೀಕ್ಷೆಯು. ಅದರಿಂದ ಗುಣ ಕಂಡರೆ ಸಂತೋಷ. ಆಗಲೂ ಮೊದಲ ಕೆಲಸವು ಪ್ರತಿ ತೆಗೆಯುವುದೇ ಹೊರತು ಸಂಭ್ರಮವಲ್ಲ. ಗುಣ ಕಾಣದಿದ್ದರೆ ಅಲ್ಲಿಗೇ ನಿಲ್ಲಿಸತಕ್ಕದ್ದು.

ಇಲ್ಲಿ ಒಂದು ಶಂಕೆ ಹುಟ್ಟಬಹುದು. ಪುರುಷಪ್ರಯತ್ನವನ್ನು ಬಿಡಬಾರದೆಂದು ಹಿರಿಯರೆಲ್ಲರೂ ಹೇಳಿರುವರಲ್ಲ, ನಿಲ್ಲಿಸುವುದು ಹೇಡಿತನವಲ್ಲವೆ? ಸಮಾಧಾನವೇನೆಂದರೆ, ಪ್ರಯತ್ನವು ಬೇರೆ, ಚಾಪಲವು ಬೇರೆ. ಹತ್ತನೆಯ ಸಲ ಜೋಡಿಸುವವನು ಒಂಬತ್ತನೆಯ ಸಲಕ್ಕಿಂತ ಹೆಚ್ಚೇನನ್ನೂ ತಿಳಿದಿರುವುದಿಲ್ಲ. ಅವನ ಆತುರ ಮಾತ್ರ ಹೆಚ್ಚಿರುವುದು. ಕೆಟ್ಟ ಮುಳ್ಳು ಪ್ರತಿಯೊಂದು ಸಲವೂ ತಟ್ಟೆಯನ್ನು ಇನ್ನಷ್ಟು ಕೆರೆಯಬಹುದು. ತಟ್ಟುವುದರಿಂದಲೂ ಶೀತಪೆಟ್ಟಿಗೆಯಲ್ಲಿಡುವುದರಿಂದಲೂ ಕೇಡೇ ಹೆಚ್ಚು. ಎರಡನೆಯದರಲ್ಲಿ ತಟ್ಟೆಯ ಮೇಲೆ ತೇವ ಕಟ್ಟುವುದು. ಮುಚ್ಚಳವನ್ನು ಬಿಚ್ಚುವುದಂತೂ ಸಲ್ಲದು. ವಾಡಿ, ಸೇಡಂಗಳ ಸಿಮೆಂಟಿನ ಕಾರ್ಖಾನೆಗಳೂ ಶಹಾಬಾದದ ಕಲ್ಲಿನ ಗಣಿಗಳೂ ಇರುವ ಈ ಸೀಮೆಯ ಧೂಳನ್ನು ಬಲ್ಲವರಿಗೆ ಕಾರಣವನ್ನು ಹೇಳಬೇಕಾಗಿಲ್ಲ. ಕಣ್ಣಿಗೆ ಕಾಣದ ಒಂದು ಕಣವೂ ಆ ಮುಳ್ಳಿಗೆ ಬಂಡೆಯೇ ಸರಿ.

ಯಂತ್ರವು ನಡುನಡುವೆ ಓದುತ್ತಿರುವುದಾದರೆ, ಅತ್ಯಂತ ಬೆಲೆಯುಳ್ಳುದನ್ನು ಮೊದಲು ಹೊರತೆಗೆಯಬೇಕು. ಮದುವೆಯ ನೂರು ಚಿತ್ರಗಳಿಗಿಂತ ಮೊದಲು ಅಜ್ಜಿಯ ಒಂದು ಹಾಡು. ಕಂಪ್ಯೂಟರು ಫಾರ್ಮ್ಯಾಟ್ ಮಾಡಲೇ ಎಂದು ಕೇಳಿದರೆ ಒಪ್ಪಬಾರದು. ಸರಿಪಡಿಸುವೆನೆಂದು ಅದರ ಮೇಲೆಯೇ ಬರೆಯುವ ಉಪಾಯಗಳನ್ನೂ ಹೂಡಬಾರದು. ಡಿಡಿರೆಸ್ಕ್ಯೂ ಎಂಬ ಪ್ರತಿಕಾರ ಕ್ರಮವೊಂದುಂಟು. ಅದು ಸುಲಭವಾಗಿ ಓದಲು ಬರುವುದನ್ನೆಲ್ಲ ಮೊದಲು ಬೇರೊಂದು ಡಿಸ್ಕಿಗೆ ಎತ್ತಿಕೊಂಡು, ಕಠಿನವಾದ ಎಡೆಗಳನ್ನು ಗುರುತಿಟ್ಟು ದಾಟಿ, ಕಡೆಗೆ ಅವುಗಳ ಕಡೆಗೆ ತಿರುಗುವುದು. ಹಠಕ್ಕೂ ಪ್ರಯತ್ನಕ್ಕೂ ಇರುವ ಅಂತರವು ಇದರಲ್ಲಿ ಸ್ಪಷ್ಟವಾಗಿದೆ.

ಇನ್ನು ರಿಪೇರಿಗೆ ಒಪ್ಪಿಸಿಕೊಂಡವನ ಧರ್ಮ. ಒಳಗೇನಿದೆಯೆಂದು ಹೇಳದೆ ಪೆಟ್ಟಿಗೆಯಲ್ಲಿ ಮುಚ್ಚಿ ಒಪ್ಪಿಸಿದ ದ್ರವ್ಯವನ್ನು ಯಾಜ್ಞವಲ್ಕ್ಯನು ಔಪನಿಧಿಕವೆಂದು ಕರೆದಿರುವನು. ಈ ಯಂತ್ರವು ಅಕ್ಷರಶಃ ಅಂತಹುದು. ಅದರೊಳಗಿನ ಚಿತ್ರವನ್ನೂ ಪತ್ರವನ್ನೂ ಕುತೂಹಲಕ್ಕಾಗಿ ನೋಡುವವನು, ಏನನ್ನೂ ಕದಿಯದಿದ್ದರೂ, ಮುದ್ರೆಯನ್ನು ಒಡೆದವನೇ. ಸಾಧ್ಯಾಸಾಧ್ಯಗಳನ್ನು ಅರಿತೇ ಚಿಕಿತ್ಸೆಗೆ ತೊಡಗಬೇಕೆಂದು ಚರಕಸಂಹಿತೆಯು ವೈದ್ಯನಿಗೆ ವಿಧಿಸಿದೆ. ತನ್ನಿಂದಾಗದ ರೋಗವನ್ನು ಆಗುವುದೆಂದು ಹಿಡಿದಿಟ್ಟುಕೊಂಡು ಕೆಡಿಸುವುದಕ್ಕಿಂತ, ಧೂಳಿಲ್ಲದ ಕೋಣೆಯಲ್ಲಿ ಕೆಲಸ ಮಾಡುವ ತಜ್ಞರಿಗೆ ಒಯ್ಯಿರೆಂದೂ, ಅಲ್ಲಿ ಖರ್ಚು ಬಹಳವೆಂದೂ, ಫಲವು ನಿಶ್ಚಿತವಲ್ಲವೆಂದೂ ಹೇಳಿ ಹಿಂದಿರುಗಿಸುವವನೇ ಧರ್ಮಿಷ್ಠನು.

ಈಗ ಮೊದಲನೆಯ ಪ್ರಶ್ನೆ. ಯಂತ್ರವು ಸದ್ದು ಮಾಡದೆ ಒಂದೇ ಕ್ಷಣದಲ್ಲಿ ನಿಂತರೆ ಅದನ್ನು ದೈವವೆನ್ನಬಹುದೇನೋ. ಸದ್ದು ಕೇಳಿದ ಮೇಲೆ ಆದ ನಷ್ಟವು ದೈವಕೃತವಲ್ಲ. ಎಚ್ಚರಿಕೆಯು ಬಂದ ಕ್ಷಣದಿಂದ ಹೊಣೆಯು ಕೇಳಿದವನದು. ಆದರೆ ನಿಜವಾಗಿ ವಿಚಾರಿಸಿದರೆ ಹೊಣೆಯು ಅದಕ್ಕಿಂತಲೂ ಹಿಂದಿನದು. ಇರುವ ಒಂದೇ ಪ್ರತಿಯನ್ನು ಒಂದೇ ಪೆಟ್ಟಿಗೆಯಲ್ಲಿಟ್ಟು ಉಳಿದುದನ್ನು ಅಳಿಸಿದ ದಿನವೇ ದೋಷವು ಹುಟ್ಟಿತು. ತಿರುಗುವ ತಟ್ಟೆಗಳಿಲ್ಲದ ಎಸ್‌ಎಸ್‌ಡಿ ಪೆಟ್ಟಿಗೆಗಳು ಈಗ ಬಂದಿರುವುವು; ಅವು ಕೆಡುವಾಗ ಈ ಸದ್ದಿನ ಎಚ್ಚರಿಕೆಯೂ ಇರುವುದಿಲ್ಲ.

ಚಿತ್ತಾಪುರ ತಾಲ್ಲೂಕಿನ ಭೀಮಾತೀರದ ಸನ್ನತಿಯಲ್ಲಿ, ಕಾಳಿಕಾದೇವಿಯ ವಿಗ್ರಹದ ಪೀಠವಾಗಿದ್ದ ಕಲ್ಲೊಂದರ ಮೇಲೆ ಅಶೋಕನ ಶಾಸನಗಳಿರುವುದು ೧೯೮೯ರಲ್ಲಿ ಬೆಳಕಿಗೆ ಬಂದಿತು. ಎರಡು ಸಾವಿರ ವರ್ಷ ಬಾಳುವ ಕಲ್ಲು ದೊರೆತರೂ ಆ ಅರಸನು ಒಂದೇ ಕಲ್ಲನ್ನು ನಂಬಲಿಲ್ಲ. ಸನ್ನತಿಯಲ್ಲಿರುವ ಪ್ರತ್ಯೇಕ ಶಾಸನಗಳೇ ಕಳಿಂಗದ ಧೌಲಿ, ಜೌಗಡಗಳಲ್ಲಿಯೂ ಇರುವುವು. ಆದುದರಿಂದ ಒಂದೆಡೆ ಸವೆದ ಅಕ್ಷರವನ್ನು ಮತ್ತೊಂದೆಡೆಯಿಂದ ತುಂಬಿಕೊಳ್ಳಲು ವಿದ್ವಾಂಸರಿಗೆ ಸಾಧ್ಯವಾಯಿತು. ಬಲ್ಲ ಒಕ್ಕಲಿಗನೂ ಬಿತ್ತನೆಯ ಬೀಜವನ್ನೆಲ್ಲ ಒಂದೇ ಹಗೇವಿಗೆ ಸುರಿಯನು. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಿನಲ್ಲಿ ಎಂದು ಈಗಿನ ತಜ್ಞರು ಹೇಳುವ ಸೂತ್ರವು ಈ ಹಳೆಯ ವಿವೇಕವೇ.

ಹಾಗೆಂದು ಆ ಮನೆಯವರು ಮಗನ ಮೇಲೆ ದೋಷವನ್ನು ಹೊರಿಸಿ ಕುಳಿತರೆ ಅದೂ ಧರ್ಮವಲ್ಲ. ಉಳಿಸಬೇಕೆಂಬ ಬುದ್ಧಿ ಅವನೊಬ್ಬನಿಗಾದರೂ ಹುಟ್ಟಿತ್ತು. ಹಾಡನ್ನು ಬಾಯಿಪಾಠವಾಗಿ ಕಲಿಯುವ ಬುದ್ಧಿ ಉಳಿದವರಿಗೆ ಹುಟ್ಟಲಿಲ್ಲ. ಮಗಳಿಗೆ ತಾಯಿ, ಸೊಸೆಗೆ ಅತ್ತೆ ಹಾಡನ್ನು ಒಪ್ಪಿಸುತ್ತಿದ್ದ ಕಾಲದಲ್ಲಿ ಮನೆಯ ಒಬ್ಬೊಬ್ಬರೂ ಒಂದೊಂದು ಪ್ರತಿಯಾಗಿದ್ದರು. ಪೆಟ್ಟಿಗೆಯು ಬಂದ ಮೇಲೆ ಎಲ್ಲರೂ ತಮ್ಮ ಹೊಣೆಯನ್ನು ಅದಕ್ಕೆ ವಹಿಸಿ ನಿಶ್ಚಿಂತರಾದರು. ಅಜ್ಜಿಯ ಸಂಗಡ ಕಲ್ಲಿನ ಗೂಟವನ್ನು ಹಿಡಿದು ದನಿಗೂಡಿಸಿದ ಮುದುಕಿ ಅದೇ ಓಣಿಯಲ್ಲಿ ಇನ್ನೂ ಬದುಕಿರಬಹುದು. ಪೆಟ್ಟಿಗೆಯನ್ನು ತಜ್ಞರಿಗೆ ಕಳುಹಿಸಿದ ದಿನವೇ ಮನೆಯವರು ಅವಳ ಬಳಿಗೆ ಹೋಗಿ ಕುಳಿತು, ಹಾಡನ್ನು ಕೇಳಿ, ಕಲಿತು, ಬರೆದುಕೊಳ್ಳುವುದೇ ಈ ದೋಷಕ್ಕೆ ತಕ್ಕ ಪ್ರಾಯಶ್ಚಿತ್ತವು.