ಇಂದಿನ ಧಮ್ಮ ಚಿಂತನೆ: ನಿದ್ದೆ ಬಾರದ ರಾತ್ರಿ



ಇವತ್ತು ಬರೆಯುವ ಪಾಳಿ ನನ್ನದು. ಹೋದ ವಾರ ನಮ್ಮ ಗುಂಪಿನ ಅಣ್ಣಾವರೊಬ್ಬರು ರಾತ್ರಿ ಎರಡೂವರೆಗೆ ಸಂದೇಶ ಹಾಕಿದ್ದರು. ಮಗನಿಗೆ ಬೈಕ್ ಅಪಘಾತವಾಗಿ ಎಂಟು ತಿಂಗಳಾಯಿತು, ತಲೆಯ ಹೊಲಿಗೆ ಮಾಗಿದೆ, ಆದರೆ ನಿದ್ದೆ ಇಲ್ಲ, ತಲೆನೋವು ಬಿಟ್ಟಿಲ್ಲ, ಏನು ಮಾಡಲಿ ಎಂದು ಕೇಳಿದ್ದರು. ಬೆಳಗಾಗುವುದರೊಳಗೆ ಅದರ ಕೆಳಗೆ ಹತ್ತಾರು ಕೈಮುಗಿದ ಚಿತ್ರಗಳು ಬಂದವು, ಉತ್ತರ ಒಂದೂ ಬರಲಿಲ್ಲ. ಆ ಹೊತ್ತಿಗೆ ನಾನೂ ಎಚ್ಚರ ಇದ್ದೆ. ಮೂರು ವರ್ಷದಿಂದ ಎರಡೂವರೆ ನನಗೆ ಗುರುತಿನ ಹೊತ್ತು.

ಅದು ಕಬ್ಬಿನ ಹಂಗಾಮು. ಶಾಲೆಯ ಕೆಲಸ ಮುಗಿಸಿ ಸಂಪಗಾಂವದಿಂದ ಬೈಲಹೊಂಗಲಕ್ಕೆ ಸ್ಕೂಟಿಯ ಮೇಲೆ ಬರುತ್ತಿದ್ದೆ, ಕತ್ತಲಾಗುತ್ತಿತ್ತು. ದಾರಿಯ ಬದಿಗೆ ಕಬ್ಬು ಹೇರಿದ ಟ್ರೇಲರ್ ನಿಂತಿತ್ತು. ಹಿಂದೆ ಕೆಂಪು ದೀಪವಿಲ್ಲ, ಹೊಳೆಯುವ ಪಟ್ಟಿಯೂ ಇಲ್ಲ. ನನ್ನ ತಲೆಯ ಮೇಲೆ ಹೆಲ್ಮೆಟ್ ಇತ್ತು, ಗದ್ದದ ಪಟ್ಟಿ ಮಾತ್ರ ಹಾಕಿರಲಿಲ್ಲ. (ಇದನ್ನು ಓದುವವರು ನಾಳೆ ಗಾಡಿ ಹತ್ತುವ ಮುಂಚೆ ಆ ಪಟ್ಟಿಯನ್ನೊಮ್ಮೆ ಮುಟ್ಟಿ ನೋಡಿರಿ.) ಆಸ್ಪತ್ರೆಯಿಂದ ಮನೆಗೆ ಬಂದಾಗ ಎಲ್ಲರೂ ಗಂಡಾಂತರ ಕಳೆಯಿತು ಅಂದರು. ನಿಜವಾದದ್ದು ಶುರುವಾದದ್ದು ಅದರ ಮೇಲೆ. ಎಡಗಡೆಯ ತಲೆನೋವು ಕುತ್ತಿಗೆಗೆ ಇಳಿಯುವುದು. ಹನ್ನೊಂದಕ್ಕೆ ನಿದ್ದೆ ಹತ್ತಿದರೆ ಎರಡೂವರೆಗೆ ಕಣ್ಣು ತೆರೆಯುವುದು. ಬಿಸಿಲು ಕಂಡರೆ ಆಗದು, ಶಾಲೆಯ ಗಂಟೆ ಬಾರಿಸಿದರೆ ಆಗದು.

ಮೊದಲು ಕೇಳಿದ ಮಾತು ಅತ್ತಿಯದು. "ಯಾವ ಜನ್ಮದ ಕರ್ಮನೋ ಏನೋ." ಅವರು ಅಂತಃಕರಣದಿಂದಲೇ ಅಂದರು, ಆದರೆ ಆ ಮಾತು ತಿಂಗಳುಗಟ್ಟಲೆ ನನ್ನ ತಲೆದಿಂಬಿನ ಕೆಳಗೆ ಇತ್ತು. ಸಂಯುತ್ತ ನಿಕಾಯದಲ್ಲಿ ಮೋಲಿಯ ಸೀವಕ ಎಂಬ ಪರಿವ್ರಾಜಕ ಬುದ್ಧರ ಹತ್ತಿರ ಇದನ್ನೇ ಕೇಳುತ್ತಾನೆ: ಮನುಷ್ಯ ಅನುಭವಿಸುವ ಸುಖ ದುಃಖವೆಲ್ಲ ಹಿಂದೆ ಮಾಡಿದ್ದರ ಫಲ ಅನ್ನುತ್ತಾರಲ್ಲ, ತಾವು ಏನನ್ನುತ್ತೀರಿ? ಬುದ್ಧರು ಎಂಟು ಕಾರಣ ಎಣಿಸುತ್ತಾರೆ. ಪಿತ್ತ, ಕಫ, ವಾತ, ಈ ಮೂರೂ ಕೂಡಿದ್ದು, ಋತು ಬದಲಾದದ್ದು, ದೇಹವನ್ನು ಸರಿಯಾಗಿ ನೋಡಿಕೊಳ್ಳದ್ದು, ಹೊರಗಿನಿಂದ ಬಿದ್ದ ಪೆಟ್ಟು, ಕರ್ಮಫಲ. ಕರ್ಮ ಎಂಟರಲ್ಲಿ ಒಂದು, ಅದೂ ಕೊನೆಯದು. ಎಲ್ಲವನ್ನೂ ಅದರ ಮೇಲೆ ಹಾಕುವವರು ಕಣ್ಣಿಗೆ ಕಾಣುವುದನ್ನೂ ಜಗತ್ತು ಒಪ್ಪಿದ್ದನ್ನೂ ದಾಟಿ ಮಾತಾಡುತ್ತಾರೆ ಎಂಬುದು ಅವರ ನಿಲುವು. ನನ್ನದು ಏಳನೆಯ ಕಾರಣ, ಹೊರಗಿನ ಪೆಟ್ಟು. ಪಟ್ಟಿ ಹಾಕದ್ದನ್ನು ಎಣಿಸಿದರೆ ಆರನೆಯದೂ ಸ್ವಲ್ಪ ಸೇರುತ್ತದೆ. ಅಷ್ಟು ತಿಳಿದ ರಾತ್ರಿ ನಿದ್ದೆಯೇನೂ ಬರಲಿಲ್ಲ, ಆದರೆ ಎದೆಯ ಮೇಲಿನ ಒಂದು ಚೀಲ ಇಳಿಯಿತು.

ಎರಡನೆಯ ಮಾತು ಓಣಿಯದು. "ಅಕ್ಕೋರ, ಹಗಲೆಲ್ಲ ಮಲಗಿದ್ರ ರಾತ್ರಿ ನಿದ್ದಿ ಹೆಂಗ ಬರತೈತ್ರಿ?" ಈ ಮಾತು ಕೇಳಿದಾಗೆಲ್ಲ ನನಗೆ ಮಾರ ನೆನಪಾಗುತ್ತಾನೆ. ರಾಜಗೃಹದ ಮದ್ದಕುಚ್ಛಿ ವನದಲ್ಲಿ ಕಲ್ಲಿನ ಚೂರು ನೆಟ್ಟು ಬುದ್ಧರ ಪಾದ ಸೀಳಿತ್ತು. ನೋವು ಸಣ್ಣದಲ್ಲ. ಸಂಘಾಟಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿಕೊಂಡು ಬಲಮಗ್ಗುಲಾಗಿ ಮಲಗಿದ್ದರು. ಮಾರ ಬಂದು ಹಂಗಿಸುತ್ತಾನೆ: ಮಾಡುವ ಕೆಲಸ ಇಲ್ಲವೇ, ಒಬ್ಬನೇ ಹೀಗೆ ತೂಕಡಿಸುತ್ತಾ ಬಿದ್ದಿದ್ದೀಯಲ್ಲ? ನೋವಿನವರು ಮಲಗಿದರೆ ಲೋಕ ಸೋಮಾರಿತನ ಅನ್ನುವುದು ಎರಡೂವರೆ ಸಾವಿರ ವರ್ಷದಿಂದ ನಡೆದು ಬಂದಿದೆ. ಬುದ್ಧರೇನೂ ನಾಚಿಕೊಂಡು ಎದ್ದು ಕೂಡಲಿಲ್ಲ. ಎದೆಯಲ್ಲಿ ಬಾಣ ನೆಟ್ಟವರೂ ಮಲಗುತ್ತಾರೆ, ಬಾಣ ಕಿತ್ತು ಹೋದ ನಾನೇಕೆ ಮಲಗಬಾರದು ಎಂಬ ಅರ್ಥದ ಉತ್ತರ ಕೊಟ್ಟು ಮಲಗಿಯೇ ಇದ್ದರು. ಇನ್ನೊಮ್ಮೆ ಕಪಿಲವಸ್ತುವಿನಲ್ಲಿ, ಶಾಕ್ಯರ ಹೊಸ ಸಭಾಭವನದಲ್ಲಿ, ಬೆನ್ನು ನೋಯುತ್ತಿದೆ ಎಂದು ಉಪದೇಶವನ್ನು ಆನಂದರಿಗೆ ಒಪ್ಪಿಸಿ ಮಲಗಿದರು. ನಾನು ಕೊನೆಯ ಪಿರಿಯಡ್ಡನ್ನು ಸಹೋದ್ಯೋಗಿಗೆ ಒಪ್ಪಿಸುವಾಗ ಮೊದಲೆಲ್ಲ ಅಳು ಬರುತ್ತಿತ್ತು.

ಆದರೆ ಓಣಿಯವರ ಮಾತಿನಲ್ಲಿ ಅರ್ಧ ನಿಜವೂ ಇತ್ತು. ತಲೆಗೆ ಪೆಟ್ಟಾದವರಲ್ಲಿ ಸರಿಸುಮಾರು ಅರ್ಧ ಮಂದಿಗೆ ನಿದ್ದೆಯ ತೊಂದರೆ ಇರುತ್ತದೆ. ನಿದ್ದೆ ಎಚ್ಚರಗಳ ಗಡಿಯಾರ ಇರುವುದು ಮಿದುಳಿನೊಳಗೇ. ಗೋಡೆಯ ಗಡಿಯಾರ ಬಿದ್ದರೆ ಗಾಜು ಒಡೆಯದಿದ್ದರೂ ಹೊತ್ತು ತಪ್ಪುತ್ತದೆ, ಹಾಗೆ. ನಿದ್ದೆಗೆಟ್ಟರೆ ನೋವು ಹೆಚ್ಚು, ನೋವಾದರೆ ನಿದ್ದೆ ಇಲ್ಲ. ವೈದ್ಯರು ಹಗಲುನಿದ್ದೆಯನ್ನು ಅರ್ಧ ತಾಸಿಗೆ ಇಳಿಸಿದರು, ರಾತ್ರಿ ಹೇಗೇ ಕಳೆದಿರಲಿ ಬೆಳಿಗ್ಗೆ ಒಂದೇ ಹೊತ್ತಿಗೆ ಏಳಲು, ಎದ್ದ ಕೂಡಲೇ ಎಳೆಬಿಸಿಲಿಗೆ ಹೋಗಲು ಹೇಳಿದರು. ಇನ್ನೊಂದು ಸಂಗತಿ ನನಗೆ ಗೊತ್ತೇ ಇರಲಿಲ್ಲ. ತಿಂಗಳಿಗೆ ಇಪ್ಪತ್ತು ದಿನ ನುಂಗುತ್ತಿದ್ದ ನೋವಿನ ಗುಳಿಗೆಯೇ ತಲೆನೋವನ್ನು ಹಿಡಿದಿಟ್ಟಿತ್ತು. ಅತಿಯಾದರೆ ಮದ್ದಿನಿಂದಲೇ ತಲೆನೋವು ಬರುತ್ತದೆ. ಅದನ್ನು ಇಳಿಸಿದ ಮೊದಲ ಎರಡು ವಾರ ನರಕ, ಆಮೇಲೆ ತಡೆಯುವಂತಾಯಿತು.

ವಿನಯ ಪಿಟಕದ ಮಹಾವಗ್ಗದಲ್ಲಿ ಜೀವಕನ ಕಥೆಯಿದೆ. ಏಳು ವರ್ಷದಿಂದ ತಲೆಬೇನೆಯಲ್ಲಿದ್ದ ರಾಜಗೃಹದ ಶೆಟ್ಟಿಯನ್ನು ಕೇಳುತ್ತಾನೆ: ಒಂದು ಮಗ್ಗುಲಿಗೆ ಏಳು ತಿಂಗಳು, ಇನ್ನೊಂದು ಮಗ್ಗುಲಿಗೆ ಏಳು ತಿಂಗಳು, ಅಂಗಾತ ಏಳು ತಿಂಗಳು ಮಲಗುತ್ತೀರಾ? ಶೆಟ್ಟಿ ಹೂಂ ಅಂದ. ತಲೆ ತೆರೆದು ಶಸ್ತ್ರಕ್ರಿಯೆಯಾಯಿತು. ಏಳು ದಿನಕ್ಕೇ ಆ ಮಗ್ಗುಲು ಆಗದು ಅಂದ, ಹೀಗೆ ಮೂರು ವಾರದಲ್ಲಿ ಎಲ್ಲ ಮುಗಿಯಿತು. ಏಳು ತಿಂಗಳು ಅನ್ನದಿದ್ದರೆ ನೀವು ಇಷ್ಟು ದಿನವೂ ಮಲಗುತ್ತಿರಲಿಲ್ಲ ಎಂದನಂತೆ ಜೀವಕ. ನನಗೆ ಈ ಕಥೆ ಓದಿದರೆ ನಗು ಬರುತ್ತದೆ, ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತದೆ. ಮೂರು ವಾರ!

ಎರಡು ಬಾಣಗಳ ಸುತ್ತ ನಮಗೆಲ್ಲ ಗೊತ್ತು. ದೇಹಕ್ಕೆ ತಾಗಿದ್ದು ಮೊದಲ ಬಾಣ, ಅದರ ಮೇಲೆ ಮನಸ್ಸು ಹೊಡೆದುಕೊಳ್ಳುವುದು ಎರಡನೆಯದು. ನಮ್ಮಲ್ಲೇ ಕೆಲವರು ಇದನ್ನು ನೋವೆಲ್ಲ ಮನಸ್ಸಿನದು ಎಂದು ತಿರುಗಿಸಿ ಹೇಳುತ್ತಾರೆ. ಬುದ್ಧರು ಮೊದಲ ಬಾಣ ಸುಳ್ಳು ಅನ್ನಲಿಲ್ಲ. ನನ್ನ ಕಷ್ಟ ಬೇರೆ. ಎರಡನೆಯ ಬಾಣ ತಯಾರಾಗುವ ಜಾಗಕ್ಕೇ ಮೊದಲನೆಯದು ತಾಗಿದ್ದರೆ?

ಒಂದು ದಿನ ಬಿಸಿಯೂಟದ ಹೊತ್ತಿನಲ್ಲಿ ಏಳನೆಯ ಇಯತ್ತೆಯ ಹುಡುಗ ಸ್ಟೀಲಿನ ತಾಟು ಕೈಜಾರಿ ಬೀಳಿಸಿದ. ಆ ಸಪ್ಪಳ ತಲೆಯೊಳಗೆ ಮೊಳೆ ಹೊಡೆದಂತಾಯಿತು. ಏನು ಅಂದೆನೋ ನೆನಪಿಲ್ಲ, ಇಡೀ ವರಾಂಡ ಸುಮ್ಮನಾದದ್ದು ನೆನಪಿದೆ. ಮರುದಿನ ಆತ ತಾಟನ್ನು ಎರಡೂ ಕೈಯಿಂದ, ಸಪ್ಪಳವಾಗದಂತೆ ನೆಲಕ್ಕಿಟ್ಟು, ನನ್ನ ಮುಖ ನೋಡಿದ. "ಅಕ್ಕೋರ, ಇವತ್ತ ತಲಿ ನೋಯಾಕತ್ತೈತೇನ್ರಿ?" ಅಂದ. ಆ ಸಿಟ್ಟು ಗಾಯದ್ದೋ ನನ್ನದೋ? ಗೆರೆ ಎಳೆಯಲು ನನಗೆ ಇವತ್ತಿಗೂ ಬಂದಿಲ್ಲ. ಚೇತನವೇ ಕರ್ಮ ಎಂದು ಕಲಿತಿದ್ದೇವೆ. ಆ ಕ್ಷಣದಲ್ಲಿ ನನಗೆ ಚೇತನ ಇತ್ತೆಂದು ಹೇಳಲಾರೆ. ಮರುದಿನ ಮಾತ್ರ ಇತ್ತು. ಎಲ್ಲ ಮಕ್ಕಳ ಮುಂದೆ ಆತನಿಗೆ ತಪ್ಪಾಯಿತಪ್ಪಾ ಅಂದೆ, ನನ್ನ ತಲೆಗೆ ಏನಾಗಿದೆ ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದೆ. ಅದರ ಮೇಲೆ ಗಂಟೆಯನ್ನು ಮೆಲ್ಲಗೆ ಬಾರಿಸಲು ಅವರೇ ಕಲಿತರು.

ರಾತ್ರಿಯ ಬಗ್ಗೆ ಒಂದು ಮಾತು. ಉಸಿರಿನ ಮೇಲೆ ಗಮನ ಇಡಲು ಹೋದರೆ ನನಗೆ ಹಣೆ ಬಿಗಿದು ನೋವು ಏರುತ್ತಿತ್ತು. ಧ್ಯಾನಕ್ಕೂ ನಾಲಾಯಕ್ಕಾದೆನಲ್ಲ ಎಂದು ಕೊರಗಿದೆ. ಈಗ ಗಮನವನ್ನು ಪಾದದ ಮೇಲೆ ಇಡುತ್ತೇನೆ. ಹೊದಿಕೆಯ ಬಿಸಿ, ಹಿಮ್ಮಡಿಯ ಒತ್ತು, ಅಷ್ಟೇ. ಅದೂ ಆಗದಿದ್ದರೆ ಎದ್ದು ಅಡುಗೆಮನೆಯಲ್ಲಿ ಸಣ್ಣ ದೀಪದಲ್ಲಿ ಕೂಡುತ್ತೇನೆ, ನಿದ್ದೆ ಎಳೆದಾಗ ಹಾಸಿಗೆಗೆ ಹೋಗುತ್ತೇನೆ. ಮೊಬೈಲ್ ಮುಟ್ಟುವುದಿಲ್ಲ (ಹೋದ ವಾರ ಮುಟ್ಟಿದ್ದೆ, ಒಪ್ಪಿಕೊಳ್ಳುತ್ತೇನೆ).

ಅಣ್ಣಾವರೇ, ಮಗನನ್ನು ನರರೋಗ ತಜ್ಞರಿಗೆ ಮತ್ತೊಮ್ಮೆ ತೋರಿಸಿರಿ. ಬೆಳಗಾವಿ, ಹುಬ್ಬಳ್ಳಿ, ಧಾರವಾಡ ನಮಗೆ ದೂರವಲ್ಲ. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಇಂಥವರ ಪುನಶ್ಚೇತನಕ್ಕೇ ಒಂದು ವಿಭಾಗವಿದೆ. ಜೋರಾಗಿ ಗೊರಕೆ ಹೊಡೆಯುತ್ತಿದ್ದರೆ ಅದನ್ನೂ ಹೇಳಿರಿ. ನಿದ್ದೆಗುಳಿಗೆಯನ್ನು ತಾವೇ ಹೆಚ್ಚಿಸಬೇಡಿರಿ. ತಲೆನೋವು ಒಮ್ಮೆಲೇ ಏರಿದರೆ, ವಾಂತಿ, ಫಿಟ್ಸ್ ಅಥವಾ ಎಬ್ಬಿಸಿದರೂ ಏಳದಂಥ ಮಂಪರು ಬಂದರೆ 108ಕ್ಕೆ ಫೋನ್ ಮಾಡಿರಿ, ಬೆಳಗಿನವರೆಗೆ ಕಾಯಬೇಡಿರಿ. ಎರಡು ವಾರ ಮಲಗಿದ ಹೊತ್ತು, ಎದ್ದ ಹೊತ್ತು, ನೋವು, ನುಂಗಿದ ಗುಳಿಗೆ ಇಷ್ಟನ್ನು ಬರೆದಿಡಿಸಿರಿ. ನನ್ನ ನೋಟಬುಕ್ಕಿನಲ್ಲಿ ಗೆರೆ ಹೊಡೆದ ಹಾಳೆ ಇದೆ, ಭಾನುವಾರದ ಅಧ್ಯಯನಕ್ಕೆ ಬರುವಾಗ ತರುತ್ತೇನೆ. ಮಗನಿಗೆ ಬರಬೇಕು ಅನಿಸಿದರೆ ಕರೆದುಕೊಂಡು ಬನ್ನಿರಿ. ಹಿಂದಿನ ಗೋಡೆಗೆ ಚಾಪೆ ಹಾಸಿರುತ್ತೇವೆ, ಆತ ಮಲಗಿಕೊಂಡೇ ಕೇಳಲಿ.