ಚಿತ್ರದೊಳಗಿನ ಆರು ಮಂದಿ

ಶ್ರವಣಬೆಳಗೊಳದ ಜೈನಮಠದ ಭಿತ್ತಿಚಿತ್ರಗಳಲ್ಲೊಂದು ಯಾತ್ರಿಕರನ್ನು ತಡೆದು ನಿಲ್ಲಿಸುತ್ತದೆ: ಕಾಡಿನಲ್ಲೊಂದು ಹಣ್ಣಿನ ಮರ, ಅದರ ಬಳಿ ಆರು ಮಂದಿ. ಇವರು ಯಾರು? ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ಗೊಮ್ಮಟಸಾರದಲ್ಲಿ ಉತ್ತರವಿದೆ. ಇವರು ಆರು ಲೇಶ್ಯೆಗಳ ಜೀವರು. ಕೃಷ್ಣಲೇಶ್ಯೆಯವನು ಮರವನ್ನು ಬುಡಸಹಿತ ಕೆಡಹಬಯಸುತ್ತಾನೆ. ನೀಲದವನು ಕಾಂಡವನ್ನು, ಕಪೋತದವನು ಕೊಂಬೆಯನ್ನು, ಪೀತದವನು ರೆಂಬೆಯನ್ನು ಕಡಿಯಬಯಸುತ್ತಾನೆ. ಪದ್ಮದವನಿಗೆ ಹಣ್ಣಷ್ಟೇ ಸಾಕು. ಶುಕ್ಲಲೇಶ್ಯೆಯವನು ಉದುರಿದ ಹಣ್ಣಿನಲ್ಲೇ ತೃಪ್ತನು. ಹಸಿವು ಆರು ಮಂದಿಗೂ ಒಂದೇ. ಭಾವ ಮಾತ್ರ ಬೇರೆ.

ಮಂಜೇಶ್ವರದ ಚತುರ್ಮುಖ ಬಸದಿಗೆ ಬರುವ ಶ್ರಾವಕ ಬಂಧುಗಳ ಮನೆಮಾತು ಕನ್ನಡವಿರಲಿ, ತುಳುವಿರಲಿ, ಮಲಯಾಳವಿರಲಿ, ಈ ಚಿತ್ರಕ್ಕೆ ಭಾಷೆಯ ಹಂಗಿಲ್ಲ. ವ್ಯಾಪಾರದ ಲಾಭದೆದುರು, ಆಸ್ತಿಯ ಪಾಲಿನೆದುರು ನಿಂತಾಗ ತನ್ನ ಕೈಯಲ್ಲಿರುವುದು ಕೊಡಲಿಯೋ ಬೊಗಸೆಯೋ ಎಂದು ಪ್ರತಿಯೊಬ್ಬನೂ ನೋಡಿಕೊಳ್ಳಲಿ.

ಜೈ ಜಿನೇಂದ್ರ.